ಶಿವಯೋಗಿ ಶ್ರೀ ಸಿದ್ಧರಾಮೇಶ್ವರನು

ಸೀನಾ ನದಿಯು ಭೀಮರಥಿಯನ್ನು ಕೂಡುವ ಸೀಮೆಗೆ ಅನತಿದೂರದಲ್ಲಿ ಸೊನ್ನಲಿಗೆಯೆಂಬ ಊರಿರುವುದು. ಈಗಿನವರು ಅದನ್ನು ಸೊಲ್ಲಾಪುರವೆಂದು ಕರೆಯುತ್ತಾರೆ. ರಾಜ್ಯಗಳ ವಿಂಗಡಣೆಯಲ್ಲಿ ಅದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಅಲ್ಲಿಯ ಭಕ್ತಜನರಲ್ಲಿ ಕನ್ನಡವನ್ನಾಡುವವರು ಇಂದಿಗೂ ಬಹುಮಂದಿ ಇದ್ದಾರೆ. ಆ ನಾಡಿನ ಕರಿಯ ಮಣ್ಣು ಸತ್ತ್ವವುಳ್ಳದ್ದು. ಆದರೆ ಆಕಾಶವು ಕೃಪಣವಾದುದು. ಸಹ್ಯಾದ್ರಿಯ ಮರೆಯಲ್ಲಿರುವುದರಿಂದ ಮುಂಗಾರಿನ ಮೋಡವು ಅಲ್ಲಿಗೆ ತಲುಪುವಷ್ಟರಲ್ಲಿ ಬಡವಾಗಿ ಹೋಗಿರುತ್ತದೆ. ಇಂತಹ ನಾಡಿನಲ್ಲಿ ನೀರನ್ನು ನಿಲ್ಲಿಸಿದವನು ಜನರಿಗೆ ಪ್ರಾಣವನ್ನು ಕೊಟ್ಟವನಂತೆಯೇ ಸರಿ. ಹನ್ನೆರಡನೆಯ ಶತಮಾನದಲ್ಲಿ ಈ ಕಾರ್ಯವನ್ನು ಮಾಡಿದ ಮಹಾಪುರುಷನೇ ಸಿದ್ಧರಾಮನು.

ಆತನ ತಂದೆ ಮುದ್ದಗೌಡನು, ತಾಯಿ ಸುಗ್ಗವ್ವೆಯು. ಈ ದಂಪತಿಗಳ ಬಸಿರಿನಲ್ಲಿ ಶಿವಯೋಗಿಯೊಬ್ಬನು ಹುಟ್ಟುವನೆಂದು ರೇವಣಸಿದ್ಧೇಶ್ವರನು ಮೊದಲೇ ನುಡಿದಿದ್ದನೆಂದು ಪುರಾಣಗಳು ಹೇಳುತ್ತವೆ. ಹುಟ್ಟಿದ ಕೂಸಾದರೋ ಮಾತಿನಲ್ಲಿಯೂ ಆಟದಲ್ಲಿಯೂ ಆಸಕ್ತಿಯಿಲ್ಲದೆ ಬೆಳೆಯಿತು. ನೆರೆಹೊರೆಯವರು ಮಂದಮತಿಯೆಂದೇ ಎಣಿಸಿದರು. ದನಗಳನ್ನು ಕಾಯುವುದು, ಹೊಲದಲ್ಲಿ ಕುಳಿತು ಹಕ್ಕಿಗಳನ್ನೋಡಿಸುವುದು, ಇವೇ ಬಾಲಕನ ಕೆಲಸಗಳಾಗಿದ್ದವು. ಒಂದು ದಿನ ಹೊಲದ ಬಳಿಗೆ ಜಂಗಮನೊಬ್ಬನು ಬಂದು, ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿಕೊಂಡು, ಹಸಿವೆಂದನು. ಬಾಲಕನು ಎಳೆಯ ತೆನೆಗಳನ್ನು ಕೊಟ್ಟನು. ಬಳಿಕ ಅತಿಥಿಗೆ ತಂಪಾದ ಉಣಿಸು ಬೇಕಾಗಲು ಮನೆಗೆ ಓಡಿದನು. ತಿರುಗಿ ಬಂದು ನೋಡಿದರೆ ಮಲ್ಲಯ್ಯನಿಲ್ಲ. ಕೂಗುತ್ತ ಅಳುತ್ತ ಯಾತ್ರಿಕರ ಹಿಂದೆ ನಡೆದು ಶ್ರೀಶೈಲವನ್ನು ಸೇರಿದನು. ಅಲ್ಲಿಯ ಗುಡಿಯಲ್ಲಿದ್ದ ಲಿಂಗವನ್ನು ಎಲ್ಲರೂ ಮಲ್ಲಯ್ಯನೆಂದು ತೋರಿಸಿದರೆ ಆತನು ಒಪ್ಪಲಿಲ್ಲ. ತನ್ನ ಹೊಲಕ್ಕೆ ಬಂದು ಹಸಿವೆಂದವನೇ ಬೇಕೆಂದು ಹಟ ಹಿಡಿದನು. ಕಡೆಗೆ ಆಳವಾದ ಕಮರಿಯೊಂದಕ್ಕೆ ಬೀಳಲೆಳಸಿದಾಗ ಮಲ್ಲಿಕಾರ್ಜುನನು ಕೈಹಿಡಿದು ಎತ್ತಿದನು. ಎತ್ತಿದವನು ಆತನನ್ನು ಪರ್ವತದಲ್ಲಿಯೇ ಇರಿಸಿಕೊಳ್ಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೊನ್ನಲಿಗೆಗೆ ಹಿಂದಿರುಗಿ ಅದನ್ನೇ ಮತ್ತೊಂದು ಶ್ರೀಶೈಲವನ್ನಾಗಿ ಮಾಡಬೇಕೆಂಬುದೇ ಬಾಲಕನಿಗೆ ದೊರೆತ ಆಜ್ಞೆ.

ಊರಿಗೆ ಬಂದ ಸಿದ್ಧರಾಮನು ಮಲ್ಲಿಕಾರ್ಜುನಲಿಂಗವನ್ನು ಸ್ಥಾಪಿಸಿದನು. ಅರಸಿ ಚಾಮಲದೇವಿಯು ಭೂಮಿಯನ್ನಿತ್ತಳೆಂದು ಪ್ರತೀತಿಯಿದೆ. ಊರಿನ ಒಳಗೂ ಸುತ್ತಲೂ 68 ಲಿಂಗಗಳು ನೆಲೆಗೊಂಡವು. ಇವೆಲ್ಲವುಗಳಿಗಿಂತಲೂ ದೊಡ್ಡದಾಗಿ ನಡೆದುದು ಕೆರೆಯ ಕೆಲಸ.

ಕೆರೆಯನ್ನು ಕಟ್ಟಿಸುವುದು ಗುಡಿಯನ್ನು ಕಟ್ಟಿಸಿದಂತಲ್ಲ. ಗುಡಿಯನ್ನು ಒಬ್ಬ ಧನಿಕನು ತನ್ನ ಹಣದಿಂದ ಕಟ್ಟಿಸಿಬಿಡಬಹುದು. ಕೆರೆಗಾದರೋ ಊರೆಲ್ಲವೂ ಒಪ್ಪಬೇಕು. ಏರಿಯ ಮೇಲ್ಗಡೆಯ ಹೊಲವು ಮುಳುಗುತ್ತದೆ, ಕೆಳಗಡೆಯ ಹೊಲವು ತಣಿಯುತ್ತದೆ. ಮುಳುಗುವವನೂ ತಣಿಯುವವನೂ ಒಂದೆಡೆ ಕುಳಿತು ಮಾತನಾಡದೆ ಗುದ್ದಲಿ ನೆಲಕ್ಕೆ ಬೀಳಲಾರದು. ಬಿದ್ದ ಮೇಲೆಯೂ ಮಣ್ಣನ್ನು ಪದರಪದರವಾಗಿ ಹಾಕಿ ತುಳಿದು ಬಡಿದು ಗಟ್ಟಿಮಾಡಬೇಕು, ನೀರು ತಾಗುವ ಮೈಗೆ ಕಲ್ಲು ಹೊದಿಸಬೇಕು, ತೂಬಿಡಬೇಕು, ಹೆಚ್ಚಿನ ನೀರು ಹರಿದುಹೋಗಲು ಕೋಡಿಯನ್ನು ಬಿಡಬೇಕು. ಒಬ್ಬನು ಅಸಡ್ಡೆಯಿಂದ ಹಾಕಿದ ಒಂದು ಬುಟ್ಟಿ ಮಣ್ಣಿನಲ್ಲಿ ಸೀಳು ಬಿಟ್ಟರೆ ನೂರು ಜನರ ಶ್ರಮವು ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ಸೊನ್ನಲಿಗೆಯಲ್ಲಿ ಈ ಕೆಲಸವು ಕೂಲಿಯ ಆಸೆಯಿಂದ ನಡೆಯದೆ ಭಕ್ತಿಯಿಂದ ನಡೆಯಿತೆಂದು ಪರಂಪರೆಯು ಹೇಳುತ್ತದೆ. ಭಕ್ತರು ನಾನಾ ಕಡೆಗಳಿಂದ ಬಂದು ಮಣ್ಣು ಹೊತ್ತರು; ಸಿದ್ಧರಾಮನು ಅವರ ನಡುವೆ ನಿಂತು ನಡೆಯಿಸಿದನು. ಬಂದವರಿಗೆ ಅನ್ನದಾನವೂ, ಬಡವರ ಮಕ್ಕಳಿಗೆ ಒಟ್ಟಾಗಿ ವಿವಾಹಗಳೂ ಆ ಕಾಲದಲ್ಲಿಯೇ ಅಲ್ಲಿ ನಡೆದುವೆನ್ನುತ್ತಾರೆ. ಹರಿಹರನ ಶಿಷ್ಯನಾದ ರಾಘವಾಂಕ ಕವಿಯು ಈ ಲೋಕೋಪಕಾರದ ಚರಿತ್ರೆಯನ್ನು ಮೆಚ್ಚಿ ಸಿದ್ಧರಾಮ ಚಾರಿತ್ರವೆಂಬ ಷಟ್ಪದೀ ಕಾವ್ಯವನ್ನೇ ಬರೆದನು.

ಕೆಲಸವು ಹೀಗೆ ಸಾಗುತ್ತಿರಲು ಅಲ್ಲಮಪ್ರಭುದೇವನು ಅಲ್ಲಿಗೆ ಬಂದನು. ಈ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಪ್ರಭುವು ಮಣ್ಣು ಹೊರುತ್ತಿದ್ದವರ ನಡುವೆ ನಿಂತು, ನಿಮ್ಮ ಒಡ್ಡರಾಮನೆಲ್ಲಿಯೆಂದು ವಿಚಾರಿಸಿದನು. ಗುರುವನ್ನು ಒಡ್ಡನೆಂದುದನ್ನು ಶಿಷ್ಯರು ಸಹಿಸಲಿಲ್ಲ. ಏರಿಗೆಂದು ತಂದಿದ್ದ ಕಲ್ಲುಗಳನ್ನು ಅತಿಥಿಯ ಮೇಲೆ ಎಸೆದರು. ಕಲ್ಲುಗಳು ರಾಶಿಯಾದುವಲ್ಲದೆ ಪ್ರಭುವಿಗೆ ತಾಗಲಿಲ್ಲ. ಸುದ್ದಿಯನ್ನು ಕೇಳಿ ಬಂದ ಸಿದ್ಧರಾಮನೂ ಕೋಪದಿಂದ ಹಣೆಗಣ್ಣನ್ನು ತೆರೆದನು. ಆ ಉರಿಯು ಪ್ರಭುವಿನ ಪಾದಗಳಲ್ಲಿ ಅಡಗಿತು. ಕಥೆಯ ಅದ್ಭುತಾಂಶವು ಹಾಗಿರಲಿ. ಧರ್ಮಕ್ಕೆಂದು ಹೊತ್ತ ಕಲ್ಲು ಒಂದೇ ಮಾತಿಗೆ ಆಯುಧವಾಯಿತೆಂಬುದರಲ್ಲಿ ಆ ಕೆಲಸದೊಳಗೆ ಅಡಗಿದ್ದ ದೋಷವೆಲ್ಲವೂ ಹೊರಬಿದ್ದಿತು.

ಪ್ರಭುದೇವನು ಕೆರೆಯನ್ನೇ ನಿಂದಿಸಿದನೆಂದು ಕೆಲವರು ಅರ್ಥಮಾಡುವುದುಂಟು; ಅದು ಸರಿಯಲ್ಲ. ಬಾಯಾರಿದವನಿಗೆ ನೀರು ಬೇಡವೆನ್ನುವಷ್ಟು ನಿಷ್ಕರುಣಿಯೇ ಪ್ರಭು? ಕಟ್ಟಿದೆನೆಂಬ ಭಾವವು ಕಟ್ಟಿದವನ ಕೊರಳಿಗೆ ಕಲ್ಲಾಗಿ ಬೀಳುವುದನ್ನು ಆತನು ತೋರಿಸಿದನು. ಸ್ವರ್ಗಾದಿ ಫಲಗಳನ್ನು ಬಯಸಿ ಮಾಡಿದ ಪುಣ್ಯವೂ ಮರಳಿ ಜನ್ಮಕ್ಕೆ ಬೀಜವಾಗುವುದೆಂದೂ, ಹೊರಗಿನ ಗುಡಿಗಳಲ್ಲಿ ನಿಲ್ಲಿಸಿದುದನ್ನು ಒಳಗೆ ಕಂಡುಕೊಳ್ಳದವನಿಗೆ ಗುಡಿಗಳ ಎಣಿಕೆಯಿಂದ ಪ್ರಯೋಜನವಿಲ್ಲವೆಂದೂ ಬೋಧಿಸಿದನು. ಸಾವಿರಾರು ಜನರಿಂದ ಗುರುವೆನ್ನಿಸಿಕೊಂಡಿದ್ದವನು, ಆ ಜನರ ಎದುರಿನಲ್ಲಿಯೇ, ಹೊರಗಿನಿಂದ ಬಂದವನೊಬ್ಬನಿಗೆ ತಲೆಬಾಗಿದನು. ಏರಿಗೆ ಮಣ್ಣು ಹೊರುವುದಕ್ಕಿಂತಲೂ ಇದು ಕಠಿನತರವಾದ ಕಾಯಕವಾಗಿದ್ದಿರಬೇಕು.

ಅನಂತರ ಸಿದ್ಧರಾಮನು ಪ್ರಭುದೇವನೊಡನೆ 100 ಕಿಲೋಮೀಟರಿಗೆ ಮೇಲ್ಪಟ್ಟು ದೂರವಿರುವ ಕಲ್ಯಾಣಕ್ಕೆ ಹೊರಟನು. ಕಲ್ಯಾಣದಲ್ಲಿ ಬಸವೇಶ್ವರನು ಬಿಜ್ಜಳನ ಮಂತ್ರಿಯಾಗಿದ್ದ ಕಾಲವದು. ಅಲ್ಲಿಯ ಅನುಭವಮಂಟಪದಲ್ಲಿ ಸೇರುತ್ತಿದ್ದ ಶರಣರಲ್ಲಿ ಮಡಿವಾಳ ಮಾಚಯ್ಯನು ಬಟ್ಟೆ ಒಗೆಯುವವನು, ಅಂಬಿಗರ ಚೌಡಯ್ಯನು ದೋಣಿ ನಡೆಸುವವನು, ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು, ಆಯ್ದಕ್ಕಿ ಮಾರಯ್ಯನು ಅಕ್ಕಿಯನ್ನು ಆಯ್ದು ತರುವವನು. ಆತನು ಅಳತೆ ಮೀರಿ ತಂದಾಗ ಹಿಂದಕ್ಕೆ ಕಳುಹಿದ ಲಕ್ಕಮ್ಮನೂ ಅಂತಹ ಶರಣೆಯೇ. ಆ ಸಭೆಯಲ್ಲಿ ಕುಲದ ಹಿರಿಮೆಗೆ ಸ್ಥಾನವಿರಲಿಲ್ಲ, ಸಾಧಿಸಿದ ಕೀರ್ತಿಗೂ ರಿಯಾಯಿತಿಯಿರಲಿಲ್ಲ. ಸೊನ್ನಲಿಗೆಯ ಶಿವಯೋಗಿಯು ಬಂದನೆಂದು ಎಲ್ಲರೂ ಆದರಿಸಿದರು. ಆದರೆ ಆತನಿಗೆ ಇಷ್ಟಲಿಂಗಧಾರಣೆಯಾಗಿಲ್ಲವೆಂಬ ಪ್ರಶ್ನೆಯು ಎದ್ದಿತು.

ಇಲ್ಲಿ ನಡೆದ ಚರ್ಚೆಯು ಬಹು ಸ್ವಾರಸ್ಯವಾದುದು. ಸೊನ್ನಲಿಗೆಯಲ್ಲಿ ಹೊರಗಣ ಲಿಂಗಗಳನ್ನೇ ನೆಚ್ಚಿದ್ದವನು ಪ್ರಭುವಿನ ಬೋಧೆಯಿಂದ ಒಳಮುಖನಾದನಷ್ಟೆ. ಈಗ ಅಂತರಂಗದಲ್ಲಿ ಲಿಂಗವನ್ನು ಕಂಡವನಿಗೆ ಅಂಗದ ಮೇಲಿನ ಲಿಂಗವೇಕೆಂದು ಆತನೇ ವಾದಿಸತೊಡಗಿದನು. ಮೊದಲು ಒಂದು ತುದಿಯಲ್ಲಿದ್ದವನು ಈಗ ಇನ್ನೊಂದು ತುದಿಗೆ ಬಂದಂತಾಯಿತು. ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಚೆನ್ನಬಸವಣ್ಣನು ಎದ್ದು ಇದನ್ನು ನಿವಾರಿಸಿದನು. ಒಳಗು ಹೊರಗುಗಳನ್ನು ಬೇರ್ಪಡಿಸುವುದೇ ತಪ್ಪೆಂದೂ, ಬೇರಿಗೆ ಎರೆದ ನೀರು ಕೊಂಬೆಯಲ್ಲಿ ಕಾಣಿಸಿಕೊಳ್ಳುವಂತೆ ಅರಿವು ಆಚಾರದಲ್ಲಿ ತೋರಬೇಕೆಂದೂ ತಿಳಿಸುವ ಮಾರ್ಗ ಆತನದು. ಸಿದ್ಧರಾಮನು ಎರಡನೆಯ ಸಲವೂ ಸೋಲನ್ನೊಪ್ಪಿದನು, ಚೆನ್ನಬಸವಣ್ಣನಿಂದಲೇ ದೀಕ್ಷೆಯನ್ನು ಪಡೆದನು. ಪ್ರಭುವಿನ ಎದುರಿನಲ್ಲಿ ಕೆರಳಿದ್ದವನು ಈ ಬಾಲಜ್ಞಾನಿಯ ಮುಂದೆ ಕೆರಳಲಿಲ್ಲ. ಎರಡೂ ಪ್ರಸಂಗಗಳನ್ನು ಒಟ್ಟಿಗೆ ಓದಿದವರಿಗಲ್ಲದೆ ಆತನ ಬೆಳವಣಿಗೆಯ ಅಳತೆಯು ಸಿಕ್ಕುವುದಿಲ್ಲ. ಮೊದಲನೆಯದನ್ನು ಮಾತ್ರ ಪ್ರವಚನಗಳಲ್ಲಿ ಹೇಳಿ ನಿಲ್ಲಿಸುವ ರೂಢಿಯಿಂದ ಸಿದ್ಧರಾಮನಿಗೂ ಕೆರೆಗೂ ಅನ್ಯಾಯವಾಗಿದೆ.

ಹೀಗೆ ಪರೀಕ್ಷಿತನಾದವನೇ ಮುಂದೆ ಆ ಸಭೆಯ ಅಧ್ಯಕ್ಷಪೀಠವನ್ನೇರಿದನು. ಶೂನ್ಯಸಿಂಹಾಸನದ ಪರಂಪರೆಯಲ್ಲಿ ಪ್ರಭುದೇವ, ಚೆನ್ನಬಸವಣ್ಣರ ಬಳಿಕ ಮೂರನೆಯವನಾಗಿ ಸಿದ್ಧರಾಮನನ್ನು ಎಣಿಸುವರು. ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಅಂಕಿತದಲ್ಲಿ ಆತನ ವಚನಗಳು ಸಾವಿರಕ್ಕೂ ಮಿಕ್ಕು ಉಳಿದು ಬಂದಿವೆ. 1167-68ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾಗಿ ಬಿಜ್ಜಳನು ಹತನಾದನು, ಶರಣರು ದಿಕ್ಕುದಿಕ್ಕಿಗೆ ಚದರಿದರು. ಸಿದ್ಧರಾಮನು ತಾನು ಬಿಟ್ಟುಬಂದ ಸೊನ್ನಲಿಗೆಯಲ್ಲಿಯೇ ಕಡೆಯ ದಿನಗಳನ್ನು ಕಳೆದು ಲಿಂಗೈಕ್ಯನಾದನು. ಆತನ ಸಮಾಧಿಯು ಕೆರೆಯ ನಡುವಣ ದೇವಾಲಯದ ಆವರಣದಲ್ಲಿದೆ.

ಪ್ರಭುವು ಪರೀಕ್ಷೆಗೆಂದು ಆಡಿದ ಒಡ್ಡರಾಮನೆಂಬ ಮಾತು ಕೂಡ ವ್ಯರ್ಥವಾಗಿ ಹೋಗಲಿಲ್ಲ. ಮಣ್ಣನ್ನಗೆದು ಕಲ್ಲನ್ನೊಡೆದು ನಾಡಿನ ಕೆರೆ ಕಾಲುವೆಗಳನ್ನು ಕಟ್ಟಿದ ಭೋವಿ ಜನರು ಸಿದ್ಧರಾಮನನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಶಿಷ್ಯರು ಯಾವ ಹೆಸರಿಗಾಗಿ ಕಲ್ಲೆಸೆದರೋ ಆ ಹೆಸರು ಒಂದು ಸಮುದಾಯದ ಅಭಿಮಾನಕ್ಕೆ ಆಸರೆಯಾಯಿತು.

ಸೊಲ್ಲಾಪುರದಲ್ಲಿ ಪ್ರತಿವರ್ಷವೂ ಜನವರಿಯಲ್ಲಿ ಮಕರಸಂಕ್ರಾಂತಿಯ ಸಮಯಕ್ಕೆ ಸಿದ್ಧೇಶ್ವರನ ಜಾತ್ರೆಯಾಗುತ್ತದೆ. ಶಿವಯೋಗಿಯನ್ನು ವರಿಸಬೇಕೆಂದು ಬಯಸಿದ ಕುಂಬಾರರ ಕನ್ಯೆಯೊಬ್ಬಳಿಗೆ ಆತನು ತನ್ನ ಯೋಗದಂಡದೊಡನೆ ವಿವಾಹವಾಗಲು ಅನುಮತಿಯಿತ್ತನೆಂಬುದು ಅದರ ಮೂಲಕಥೆ. ಏಳು ನಂದಿಧ್ವಜಗಳನ್ನು ಊರಿನ ಬೇರೆ ಬೇರೆ ಸಮುದಾಯದವರು ಹೊತ್ತು, ಸಿದ್ಧರಾಮನು ಸ್ಥಾಪಿಸಿದ 68 ಲಿಂಗಗಳನ್ನು ಬಳಸಿ ಬರುತ್ತಾರೆ. ಎತ್ತರವಾದ ಆ ಧ್ವಜಗಳನ್ನು ಹೊರಲು ಶರೀರಬಲವೂ ಅಭ್ಯಾಸವೂ ಬೇಕು. ಮರುದಿನ ಕೆರೆಯ ದಡದಲ್ಲಿರುವ ಸಮ್ಮತಿಕಟ್ಟೆಯ ಬಳಿ ಜನರು ನೆರೆಯುತ್ತಾರೆ. ಸಮ್ಮತಿಯನ್ನು ಓದಿ ಹೇಳುತ್ತಾರೆ. ಅದು ಮುಗಿದ ಮೇಲೆಯೇ ಅಕ್ಷತೆಯು ಬೀಳುತ್ತದೆ.