ಕಣ್ಣಿನ ಆಳವನ್ನು ಕಂಡ ವೈದ್ಯ: ಆಲ್ಬ್ರೆಕ್ಟ್ ಫಾನ್ ಗ್ರೇಫೆ

ಕೆಲವು ರೋಗಗಳು ಸದ್ದು ಮಾಡುತ್ತಾ ಬರುತ್ತವೆ, ಕೆಲವು ಕಳ್ಳಹೆಜ್ಜೆ ಇಡುತ್ತಾ ಬರುತ್ತವೆ. ಗ್ಲಾಕೋಮಾ ಎರಡೂ ರೀತಿಯಲ್ಲಿ ಬರಬಲ್ಲ ರೋಗ. ಒಬ್ಬನಿಗೆ ಅದು ತೀವ್ರ ತಲೆನೋವು, ಕಣ್ಣುನೋವು, ವಾಂತಿಗಳೊಡನೆ ಎರಗಿ ಕೆಲವೇ ದಿನಗಳಲ್ಲಿ ದೃಷ್ಟಿಯನ್ನು ಕಸಿಯುತ್ತದೆ. ಇನ್ನೊಬ್ಬನಿಗೆ ನೋವೇ ಇಲ್ಲ. ದೃಷ್ಟಿಯ ಅಂಚುಗಳು ವರ್ಷಗಳ ಕಾಲ ಸವೆಯುತ್ತಾ ಹೋಗುತ್ತವೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಈ ರೋಗಕ್ಕೆ ಪರಿಹಾರವಿರಲಿಲ್ಲ. ಆ ಕತ್ತಲಿಗೆ ಮೊದಲ ದೀಪ ಹಿಡಿದವರಲ್ಲಿ ಜರ್ಮನಿಯ ವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಪ್ರಮುಖರು.

ಗ್ರೇಫೆ 1828ರ ಮೇ 22ರಂದು ಬರ್ಲಿನ್‌ನಲ್ಲಿ ಜನಿಸಿದರು. ತಂದೆ ಕಾರ್ಲ್ ಫರ್ಡಿನಾಂಡ್ ಹೆಸರಾಂತ ಶಸ್ತ್ರವೈದ್ಯರು. ಬಾಲಕನಿಗೆ 12 ವರ್ಷವಾಗಿದ್ದಾಗ, 1840ರಲ್ಲಿ ಅವರು ತೀರಿಕೊಂಡರು. ತಂದೆಯ ಆಸರೆ ಇಲ್ಲವಾದರೂ ವಿದ್ಯೆಯ ಹಸಿವು ಕುಂದಲಿಲ್ಲ. 1847ರಲ್ಲಿ, ಇನ್ನೂ 19ರ ಹರೆಯದಲ್ಲೇ, ಗ್ರೇಫೆ ವೈದ್ಯಪದವಿ ಪಡೆದರು. ಅಷ್ಟಕ್ಕೆ ತೃಪ್ತರಾಗದೆ ಪ್ರಾಗ್, ಪ್ಯಾರಿಸ್, ವಿಯೆನ್ನಾ ಮತ್ತು ಲಂಡನ್ ನಗರಗಳಿಗೆ ಹೋಗಿ ಅಲ್ಲಿನ ಹಿರಿಯ ನೇತ್ರವೈದ್ಯರ ಬಳಿ ಕಲಿತರು. ಬಳಿಕ ಬರ್ಲಿನ್‌ಗೆ ಮರಳಿ ತಮ್ಮದೇ ಕಣ್ಣಿನ ಆಸ್ಪತ್ರೆ ತೆರೆದರು. ಅಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ದೊರೆಯುತ್ತಿತ್ತು. ಸಿರಿವಂತ ಮನೆತನದಲ್ಲಿ ಹುಟ್ಟಿದ ಅವರ ಬಾಗಿಲಲ್ಲಿ ಹಣವಿಲ್ಲದವರೂ ನೆಮ್ಮದಿಯಿಂದ ನಿಲ್ಲಬಹುದಾಗಿತ್ತು.

ಆ ದಿನಗಳಲ್ಲೇ ಒಂದು ಮಹತ್ವದ ಆವಿಷ್ಕಾರ ನಡೆಯಿತು. ಜೀವಂತ ಮನುಷ್ಯನ ಕಣ್ಣಿನೊಳಗೆ ಬೆಳಕು ಬಿಟ್ಟು ಅದರ ಹಿಂಭಾಗವನ್ನು ನೋಡಬಲ್ಲ ನೇತ್ರದರ್ಶಕವನ್ನು ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದರು. ಗ್ರೇಫೆ ಅದನ್ನು ತಡಮಾಡದೆ ಕೈಗೆತ್ತಿಕೊಂಡರು. ಕಣ್ಣಿನ ಹಿಂದೆ ದೃಷ್ಟಿನರ ಹೊರಡುವ ಜಾಗವೊಂದಿದೆ. ಅಕ್ಷಿಪಟಲದಿಂದ ಬರುವ ಹತ್ತು ಲಕ್ಷದಷ್ಟು ಸೂಕ್ಷ್ಮ ಎಳೆಗಳು ಅಲ್ಲಿ ಒಂದುಗೂಡಿ, ಜರಡಿಯಂಥ ಪದರವೊಂದರ ತೂತುಗಳ ಮೂಲಕ ಹಾದು ಮೆದುಳಿನತ್ತ ಸಾಗುತ್ತವೆ. ಗ್ಲಾಕೋಮಾದಿಂದ ಕುರುಡಾದವರಲ್ಲಿ ಈ ಜಾಗ ಸಹಜವಾಗಿಲ್ಲವೆಂಬುದು ಗ್ರೇಫೆಯವರಿಗೆ ಕಂಡಿತು.

ಆದರೆ ಅವರು ಅದನ್ನು ತಪ್ಪಾಗಿ ಗ್ರಹಿಸಿದರು. ನರದ ತುದಿ ಉಬ್ಬಿಕೊಂಡಿದೆ ಎಂದು 1854ರಲ್ಲಿ ಬರೆದರು. ಆ ಕಾಲದ ಉಪಕರಣದಲ್ಲಿ ಒಂದೇ ಕಣ್ಣಿನಿಂದ ನೋಡಬೇಕಿತ್ತು. ಒಂದೇ ಕಣ್ಣಿಗೆ ಉಬ್ಬು ಯಾವುದು, ಕುಳಿ ಯಾವುದು ಎಂಬ ಭೇದ ಸುಲಭವಾಗಿ ತಿಳಿಯದು. ಅವರ ಶಿಷ್ಯ ಅಡಾಲ್ಫ್ ವೆಬರ್ ಮೊಲದ ಕಣ್ಣನ್ನು ಪರೀಕ್ಷಿಸಿ, ಹೀಗೆ ಉಬ್ಬಿನಂತೆ ತೋರುವುದು ನಿಜಕ್ಕೂ ಕುಳಿಯಾಗಿರಬಹುದೆಂದು ತೋರಿಸಿದರು. ಖ್ಯಾತಿಯ ಏಣಿ ಏರುತ್ತಿದ್ದ ಗುರು ಶಿಷ್ಯನ ಮಾತನ್ನು ತಳ್ಳಿಹಾಕಬಹುದಿತ್ತು. ಗ್ರೇಫೆ ಹಾಗೆ ಮಾಡಲಿಲ್ಲ. ತಮ್ಮ ಅಭಿಪ್ರಾಯವನ್ನು ಬಹಿರಂಗವಾಗಿಯೇ ತಿದ್ದಿಕೊಂಡರು. ನರದ ತುದಿ ಒಳಕ್ಕೆ ತಗ್ಗಿರುವುದನ್ನು ಶರೀರರಚನಾ ತಜ್ಞ ಹೈನ್ರಿಕ್ ಮ್ಯೂಲರ್ ಅಂಗಾಂಶಗಳನ್ನು ಪರೀಕ್ಷಿಸಿ ದೃಢಪಡಿಸಿದರು. ಇಂದಿಗೂ ಗ್ಲಾಕೋಮಾ ಪರೀಕ್ಷಿಸುವ ವೈದ್ಯರು ಮೊದಲು ಹುಡುಕುವುದು ಆ ಕುಳಿಯನ್ನೇ.

ಕುಳಿ ಎಂದು ತಿಳಿದ ಮೇಲೆ ಕಾರಣದ ದಾರಿಯೂ ತೆರೆಯಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಿದಾಗ ನರದ ಎಳೆಗಳು ನಲುಗುತ್ತವೆ. ಒತ್ತಡವನ್ನು ಇಳಿಸಿದರೆ ದೃಷ್ಟಿ ಉಳಿದೀತೇ? ಗ್ರೇಫೆ ಐರಿಸ್ ಎಂಬ ಬಣ್ಣದ ಪೊರೆಯ ಒಂದು ತುಣುಕನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಯನ್ನು ಪ್ರಯೋಗಿಸಿ, ಅದರ ಫಲವನ್ನು 1857ರಲ್ಲಿ ಪ್ರಕಟಿಸಿದರು. ಹಠಾತ್ತನೆ ಎರಗುವ ಗ್ಲಾಕೋಮಾದಲ್ಲಿ ಅದು ಅನೇಕರ ದೃಷ್ಟಿಯನ್ನು ಕಾಪಾಡಿತು. ನಿಧಾನವಾಗಿ ಬೆಳೆಯುವ ಬಗೆಯಲ್ಲಿ ಅದರಿಂದ ಅಷ್ಟು ಪ್ರಯೋಜನವಿಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ. ರೋಗಿಗೆ ಎದುರಿನಲ್ಲಿ ಎಷ್ಟು ಕಾಣುತ್ತದೆ ಎಂಬುದರೊಡನೆ ಬದಿಗಳಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನೂ ಅಳೆದು ಗುರುತಿಸುವ ಪರೀಕ್ಷೆಯನ್ನು ಚಿಕಿತ್ಸಾಲಯಕ್ಕೆ ತಂದವರೂ ಅವರೇ. 26ರ ವಯಸ್ಸಿನಲ್ಲಿ ಅವರು ಆರಂಭಿಸಿದ ನೇತ್ರವಿಜ್ಞಾನದ ಪತ್ರಿಕೆ ಇಂದಿಗೂ ಅವರ ಹೆಸರಿನಲ್ಲಿ ಪ್ರಕಟವಾಗುತ್ತಿದೆ.

ಕ್ಷಯರೋಗ ಅವರ ಶ್ವಾಸಕೋಶಗಳನ್ನು ತಿನ್ನುತ್ತಿತ್ತು. ಆದರೂ ಪಾಠ, ಶಸ್ತ್ರಕ್ರಿಯೆ, ರೋಗಿಗಳ ಸೇವೆ ನಿಲ್ಲಲಿಲ್ಲ. 1870ರ ಜುಲೈ 20ರಂದು, ಕೇವಲ 42ರ ಪ್ರಾಯದಲ್ಲಿ ಅವರು ಕಣ್ಣುಮುಚ್ಚಿದರು. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಬಳಿ 1882ರಲ್ಲಿ ಅವರ ಸ್ಮಾರಕ ನಿಂತಿತು.

ಅವರ ಬಳಿಕ ವಿದ್ಯೆ ಬಹಳ ಮುಂದುವರಿದಿದೆ. ಒತ್ತಡವನ್ನು ಅಳೆಯುವ ನಿಖರ ಉಪಕರಣಗಳು, ನರದ ಪದರ ಎಷ್ಟು ತೆಳುವಾಗಿದೆ ಎಂದು ತೋರಿಸುವ ಸ್ಕ್ಯಾನ್‌ಗಳು, ಒತ್ತಡ ಇಳಿಸುವ ಹನಿಮದ್ದುಗಳು, ಲೇಸರ್ ಚಿಕಿತ್ಸೆ ಎಲ್ಲವೂ ಬಂದಿವೆ. ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದರೂ ಕೆಲವರ ನರ ಹಾಳಾಗುತ್ತದೆಂಬುದೂ ತಿಳಿದಿದೆ. ಆದ್ದರಿಂದ ಒತ್ತಡವೊಂದನ್ನೇ ಅಳೆದರೆ ಸಾಲದು, ನರವನ್ನೂ ನೋಡಬೇಕು, ದೃಷ್ಟಿಯ ವಿಸ್ತಾರವನ್ನೂ ಪರೀಕ್ಷಿಸಬೇಕು. ಇಷ್ಟಾದರೂ ಒಂದು ಕಟು ಸತ್ಯ ಬದಲಾಗಿಲ್ಲ. ಸತ್ತ ನರದ ಎಳೆಯನ್ನು ಮರಳಿ ಜೀವಂತಗೊಳಿಸುವ ಚಿಕಿತ್ಸೆ ಇನ್ನೂ ಇಲ್ಲ. ಉಳಿದ ದೃಷ್ಟಿಯನ್ನಷ್ಟೇ ಕಾಪಾಡಬಹುದು.

ಆದುದರಿಂದ 40 ದಾಟಿದವರು, ಅದರಲ್ಲೂ ತಂದೆ ತಾಯಿ ಅಥವಾ ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರು, ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ಸುಮ್ಮನಿರಬಾರದು. ಹನಿಮದ್ದನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ಹಾಕಬೇಕು. ನೋವಿಲ್ಲವೆಂದು ಮನೆಯ ಹಿರಿಯರು ಅದನ್ನು ನಿಲ್ಲಿಸಿದರೆ ಮಕ್ಕಳು ನೆನಪಿಸಬೇಕು. ತನಗೆ ಕಂಡದ್ದೇ ಸತ್ಯವೆಂದು ಹಠ ಹಿಡಿಯದೆ ಶಿಷ್ಯನಿಂದಲೂ ಕಲಿತ ಗ್ರೇಫೆಯವರ ವಿನಯವೂ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದ ಪಾಠವೇ. ಅವರು ತಮ್ಮ ಮಾತಿಗೇ ಅಂಟಿಕೊಂಡಿದ್ದರೆ, ದೃಷ್ಟಿ ಉಳಿಸುವ ದಾರಿ ಇನ್ನಷ್ಟು ಕಾಲ ಮುಚ್ಚಿಯೇ ಇರುತ್ತಿತ್ತೋ ಏನೋ.