ಅಲೆಕ್ಸಿಸ್ ಕ್ಯಾರೆಲ್
ಅಲೆಕ್ಸಿಸ್ ಕ್ಯಾರೆಲ್ (ಜೂನ್ 28, 1873 – ನವೆಂಬರ್ 5, 1944) ತುಂಡಾದ ರಕ್ತನಾಳಗಳನ್ನು ಹೊಲಿದು ಜೋಡಿಸುವ ವಿಧಾನವನ್ನು ರೂಪಿಸಿದ ಫ್ರಾನ್ಸಿನ ಶಸ್ತ್ರವೈದ್ಯರು. 1894ರಲ್ಲಿ ಲಿಯಾನ್ ನಗರದಲ್ಲಿ ಇರಿತಕ್ಕೊಳಗಾದ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೊ ರಕ್ತಸ್ರಾವದಿಂದ ಮೃತಪಟ್ಟರು. ಕಡಿದ ದೊಡ್ಡ ರಕ್ತನಾಳವನ್ನು ಹೊಲಿಯುವ ಭರವಸೆಯ ಕ್ರಮವೇ ಆಗ ಇರಲಿಲ್ಲ. ಅದೇ ನಗರದಲ್ಲಿ ವೈದ್ಯಶಿಕ್ಷಣ ಪಡೆದ ಕ್ಯಾರೆಲ್ ಈ ಕೊರತೆಯನ್ನು ನೀಗಲು ಹೊರಟು, ಕಸೂತಿಯಲ್ಲಿ ನುರಿತ ಮಹಿಳೆಯೊಬ್ಬರಿಂದ ನವಿರು ಹೊಲಿಗೆಯನ್ನು ಕಲಿತರು. ನಾಳದ ತುದಿಗಳಿಗೆ ಮೂರು ಕಡೆ ದಾರ ಹಾಕಿ ಎಳೆದು ಹಿಡಿದರೆ ದುಂಡನೆಯ ಬಾಯಿ ತ್ರಿಕೋನವಾಗುತ್ತದೆ. ನೇರವಾದ ಅಂಚನ್ನು ಹೊಲಿಯುವುದು ಸುಲಭ. 1902ರಲ್ಲಿ ಪ್ರಕಟವಾದ ಈ ಉಪಾಯದ ಸರಳತೆ ಇಂದಿಗೂ ಬೆರಗು ಹುಟ್ಟಿಸುವಂಥದ್ದು. ನಾಳದ ಒಳಪದರಕ್ಕೆ ಗಾಸಿಯಾದರೆ ರಕ್ತ ಹೆಪ್ಪುಗಟ್ಟುತ್ತದೆ. ಆದಕಾರಣ ಅತಿ ಸಣ್ಣ ಸೂಜಿಯನ್ನೂ ವ್ಯಾಸಲೀನ್ ಸವರಿದ ರೇಷ್ಮೆ ದಾರವನ್ನೂ ಬಳಸಿದರು. 1906ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯನ್ನು ಸೇರಿದ ಅವರಿಗೆ 1912ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮುಂದೆ ಮನುಷ್ಯರನ್ನು ಯೋಗ್ಯರು, ಅಯೋಗ್ಯರು ಎಂದು ವಿಂಗಡಿಸುವ ಸುಜನನವಾದವನ್ನು ಅವರು ಬೆಂಬಲಿಸಿದ್ದು ಅವರ ಹೆಸರಿಗೆ ಅಂಟಿದ ಕಳಂಕ. ಅಂಗಾಂಗ ಕಸಿಯಲ್ಲಿ ಇಂದು ನಾಳಗಳನ್ನು ಕೂಡಿಸುವ ಕ್ರಮಕ್ಕೆ ಅವರ ಹೊಲಿಗೆಯೇ ಬುನಾದಿ.