ಮಕ್ಕಳಿಂದ ಕಲಿತ ಗುರು: ಗಿಜುಭಾಯಿ ಬಧೇಕಾ

ಕಲಿಸುವವನು ಕಲಿಯುವುದನ್ನು ನಿಲ್ಲಿಸಿದ ದಿನವೇ ಅವನ ಬೋಧನೆಯು ಬಾಡತೊಡಗುತ್ತದೆ. ತರಬೇತಿಯ ಪ್ರಮಾಣಪತ್ರವು ತರಗತಿಯ ಬಾಗಿಲನ್ನು ತೆರೆದುಕೊಡಬಲ್ಲುದು. ಮಗುವಿನ ಮನಸ್ಸಿನ ಬಾಗಿಲನ್ನು ಶಿಕ್ಷಕನು ದಿನದಿನವೂ ತಾನೇ ತಟ್ಟಬೇಕಾಗುತ್ತದೆ. ಗುಜರಾತಿನ ಶಿಕ್ಷಣತಜ್ಞರಾದ ಗಿಜುಭಾಯಿ ಬಧೇಕಾ ಅವರ ಬಾಳು ಈ ಮಾತಿಗೆ ಉಜ್ವಲವಾದ ನಿದರ್ಶನವಾಗಿದೆ.

ಇವರು 1885ನೆಯ ನವೆಂಬರ್ 15ರಂದು ಸೌರಾಷ್ಟ್ರದ ಚಿತ್ತಲ್ ಗ್ರಾಮದಲ್ಲಿ ಜನಿಸಿದರು. ಗಿರಿಜಾಶಂಕರ ಎಂಬುದು ಇವರ ನಿಜನಾಮ. ನಮ್ಮ ಹಿರಿಯರಲ್ಲಿ ಅನೇಕರು ಊರು ಬಿಟ್ಟು ಮುಂಬಯಿಗೆ ಬಂದಂತೆ, ಇವರೂ 1907ರಲ್ಲಿ ಉದ್ಯೋಗವನ್ನರಸಿ ಪೂರ್ವ ಆಫ್ರಿಕಕ್ಕೆ ತೆರಳಿದರು. ಅಲ್ಲಿಂದ ಮರಳಿ 1910ರಲ್ಲಿ ಇದೇ ಮುಂಬಯಿಯಲ್ಲಿ ಕಾನೂನನ್ನು ವ್ಯಾಸಂಗಮಾಡಿ, ಅನಂತರ ವಢವಾಣದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಆ ವೃತ್ತಿಯಲ್ಲಿಯೇ ನೆಲೆನಿಂತಿದ್ದರೆ ಇಂದು ನಾವು ಅವರ ಹೆಸರನ್ನು ಕೇಳುತ್ತಿರಲಿಲ್ಲ.

1913ರಲ್ಲಿ ಅವರಿಗೆ ನರೇಂದ್ರನೆಂಬ ಮಗನು ಹುಟ್ಟಿದನು. ಈ ಶಿಶುವನ್ನು ಹೇಗೆ ಬೆಳೆಸಬೇಕು, ಯಾವ ಶಾಲೆಗೆ ಕಳುಹಿಸಬೇಕು ಎಂಬ ಚಿಂತೆಯು ಅವರನ್ನು ಶಿಕ್ಷಣಗ್ರಂಥಗಳತ್ತ ಸೆಳೆಯಿತು. ಇಟಲಿಯ ಮಾರಿಯಾ ಮಾಂಟೆಸೊರಿಯವರ ಬರಹಗಳು ಅವರ ಕಣ್ಣು ತೆರೆಸಿದವು. ನಾನಾಭಾಯಿ ಭಟ್ಟರು 1910ರಲ್ಲಿ ಭಾವನಗರದಲ್ಲಿ ಸ್ಥಾಪಿಸಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು, 1916ರಲ್ಲಿ ವಕೀಲಿಯನ್ನು ತೊರೆದು ಸೇರಿದರು. ಅಲ್ಲಿ ದೊಡ್ಡ ಹುಡುಗರಿಗೆ ಕಲಿಸುತ್ತಿದ್ದಾಗ ಅವರಿಗೆ ಒಂದು ಸತ್ಯವು ಹೊಳೆಯಿತು: ಬೇರಿಗೆ ನೀರೆರೆಯದೆ ಕೊಂಬೆಯನ್ನು ತಿದ್ದುವುದು ವ್ಯರ್ಥ. ಈ ಅರಿವಿನ ಫಲವಾಗಿ 1920ರಲ್ಲಿ ಎಳೆಯ ಮಕ್ಕಳಿಗಾಗಿ ಬಾಲಮಂದಿರವು ಆರಂಭವಾಯಿತು.

ಆ ಮಂದಿರದಲ್ಲಿ ಬೆತ್ತಕ್ಕೆ ಸ್ಥಳವಿರಲಿಲ್ಲ. ಬಹುಮಾನದ ಆಸೆಯನ್ನೂ ಗಿಜುಭಾಯಿ ಒಪ್ಪಲಿಲ್ಲ. ಭಯವೂ ಆಮಿಷವೂ ಕಲಿಕೆಯ ಆನಂದವನ್ನು ಸಮನಾಗಿ ಕೆಡಿಸುತ್ತವೆಂದು ಅವರು ನಂಬಿದ್ದರು. ಮಾಂಟೆಸೊರಿ ಪದ್ಧತಿಯನ್ನು ಅವರು ಕುರುಡಾಗಿ ಅನುಕರಿಸಿದವರಲ್ಲ. ಎಳೆಯರಿಗೆ ಕಲ್ಪನೆಯ ಕಥೆಗಳು ಸಲ್ಲವೆಂಬುದು ಮಾಂಟೆಸೊರಿಯವರ ಅಭಿಪ್ರಾಯವಾಗಿತ್ತು. ಗಿಜುಭಾಯಿಯಾದರೋ ತಮ್ಮ ಮಕ್ಕಳ ಮುಖವನ್ನು ನೋಡಿ, ಜಾನಪದ ಕಥೆ, ಹಾಡು, ನಾಟಕಗಳನ್ನು ಪಾಠದ ನಡುಮನೆಗೇ ತಂದರು. ಜನರು ಅಕ್ಕರೆಯಿಂದ ಅವರನ್ನು ಮೀಸೆಯ ತಾಯಿಯೆಂದು ಕರೆದರು.

ಅವರು ಬರೆದ ‘ದಿವಾಸ್ವಪ್ನ’ವು ಶಿಕ್ಷಕರೆಲ್ಲರೂ ಓದಬೇಕಾದ ಕೃತಿ. ಅದು ಕಲ್ಪಿತ ಕಥೆಯಾದರೂ ಅನುಭವದ ಮೂಸೆಯಿಂದ ಮೂಡಿದುದು. ಅದರಲ್ಲಿ ಒಬ್ಬ ಶಿಕ್ಷಕನು ಶಿಕ್ಷಣಾಧಿಕಾರಿಯ ಅಪ್ಪಣೆ ಪಡೆದು ನಾಲ್ಕನೆಯ ತರಗತಿಯಲ್ಲಿ ಒಂದು ವರ್ಷದ ಪ್ರಯೋಗಕ್ಕೆ ತೊಡಗುತ್ತಾನೆ. ಮೊದಲ ದಿನ, ಮಕ್ಕಳಿಂದ ಮೌನದ ಆಟವಾಡಿಸುವ ಅವನ ಯೋಜನೆಯು ಗದ್ದಲದಲ್ಲಿ ಕೊಚ್ಚಿಹೋಗುತ್ತದೆ. ಅವನು ಮಕ್ಕಳ ಮೇಲೆ ಸಿಡುಕದೆ ತನ್ನ ಯೋಜನೆಯನ್ನೇ ತಿದ್ದಿಕೊಂಡು, ಮರುದಿನ ಕಥೆಯಿಂದ ಆರಂಭಿಸುತ್ತಾನೆ. ತರಗತಿಯು ತಾನಾಗಿ ಕಿವಿಗೊಡುತ್ತದೆ. ಪಠ್ಯಪುಸ್ತಕಗಳಿಗೆ ಕೊಡಬೇಕಾದ ಹಣವನ್ನು ಒಟ್ಟುಗೂಡಿಸಿ ತರಗತಿಗೊಂದು ಪುಸ್ತಕಭಂಡಾರವನ್ನು ಕಟ್ಟುತ್ತಾನೆ. ಸಹಶಿಕ್ಷಕರು ನಗುತ್ತಾರೆ, ಪಾಲಕರು ಶಂಕಿಸುತ್ತಾರೆ. ಆದರೂ ಅವನು ವರ್ಷವನ್ನು ಪೂರೈಸುತ್ತಾನೆ.

ತಮ್ಮೊಬ್ಬರ ಯಶಸ್ಸಿನಿಂದ ಗಿಜುಭಾಯಿ ತೃಪ್ತರಾಗಲಿಲ್ಲ. ಬಾಲಶಿಕ್ಷಕರ ತರಬೇತಿಗಾಗಿ ಅಧ್ಯಾಪನ ಮಂದಿರವನ್ನು ನಡೆಸಿದರು. ತಾರಾಬಾಯಿ ಮೋಡಕರೊಡನೆ 1926ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ಮಕ್ಕಳಿಗೂ ಪಾಲಕರಿಗೂ ಶಿಕ್ಷಕರಿಗೂ ನೂರಾರು ಪುಸ್ತಕಗಳನ್ನು ಬರೆದು, 1939ನೆಯ ಜೂನ್ 23ರಂದು ಕಾಲವಶರಾದರು. ಆಗ ಅವರಿಗೆ 53 ವರ್ಷ. ಅದೇ ವರ್ಷದ ಕೊನೆಯಲ್ಲಿ ಮಾಂಟೆಸೊರಿಯವರು ಭಾರತಕ್ಕೆ ಬಂದಿಳಿದಾಗ, ಅವರ ವಿಚಾರಗಳನ್ನು ಈ ನೆಲದಲ್ಲಿ ಊರಿ ಬೆಳೆಸಿದ ಕೈಗಳು ಇರಲಿಲ್ಲ.

ಈ ಜೀವನದಿಂದ ನಾವು ಪಡೆಯಬೇಕಾದುದೇನು? ಮುಂಬಯಿಯ ನಮ್ಮ ಕನ್ನಡ ತರಗತಿಗಳಲ್ಲಿ ಒಂದು ಮಗುವಿನ ಮನೆಮಾತು ತುಳು, ಮತ್ತೊಂದರದು ಕೊಂಕಣಿ, ಇನ್ನೊಂದರದು ಉತ್ತರ ಕರ್ನಾಟಕದ ಆಡುನುಡಿ; ಬೀದಿಗಿಳಿದರೆ ಎಲ್ಲರದೂ ಹಿಂದಿ, ಮರಾಠಿ. ಪುಸ್ತಕದ ಕನ್ನಡವು ಇವರಲ್ಲಿ ಹಲವರಿಗೆ ಹೊರಗಿನದು. ಬರೆಯಲು ತಡವರಿಸುವ ಮಗುವನ್ನು ದಡ್ಡನೆಂದು ಕರೆಯುವುದು ಸುಲಭ. ಆ ಮಗುವು ಕನ್ನಡವನ್ನೇ ತೊರೆಯುವುದು ಅದಕ್ಕಿಂತಲೂ ಸುಲಭ. ಅದೇ ಮಗುವು ಅಜ್ಜಿಯಿಂದ ಕೇಳಿದ ಕಥೆಯನ್ನು ತನಗೆ ಬಂದ ಮಾತಿನಲ್ಲಿ ಹೇಳಲಿ. ನಾವು ಕಿವಿಗೊಟ್ಟು ಕೇಳಿ, ಅದರ ಮಾತನ್ನೇ ಕರಿಹಲಗೆಯ ಮೇಲೆ ಬರೆದರೆ, ಅಲ್ಲಿಂದಲೇ ಓದು ಆರಂಭವಾಗಬಲ್ಲುದು. ಇದಕ್ಕೆ ಹಣ ಬೇಡ, ತಾಳ್ಮೆ ಬೇಕು.

ಸಂಜೆ ಶಾಲೆಯ ಗಂಟೆ ಬಾರಿಸಿದ ಮೇಲೆ, ಇಂದು ಯಾವ ಮಗುವು ಏಕೆ ಮೌನವಾಗಿತ್ತು ಎಂದು ಎರಡು ಸಾಲು ಬರೆದಿಡುವ ಶಿಕ್ಷಕನು ಗಿಜುಭಾಯಿಯ ದಾರಿಯಲ್ಲಿ ಹೆಜ್ಜೆಯಿಟ್ಟಂತೆಯೇ ಸರಿ. ಅಂಥ ಶಿಕ್ಷಕರು ನಮ್ಮ ಶಾಲೆಯಲ್ಲಿ ಹೆಚ್ಚಲೆಂದು ಹಾರೈಸುತ್ತೇವೆ.